ಹಳೆಯ ನೌಕೆಯ ಹಲಗೆಯಿಂದ ಪೆನ್ನು: ಗರಗಸ ಇಡುವ ಮುಂಚೆ ಮಾಡಿದ ನಿರ್ಧಾರಗಳು

ಎರಡು ಅಡಿಗಿಂತ ಸ್ವಲ್ಪ ಉದ್ದದ ಒಂದು ಓಕ್ ಹಲಗೆ. ಒಂದು ಮುಖದಲ್ಲಿ ಪದರ ಪದರವಾಗಿ ಹಳೆಯ ಬಣ್ಣ, ಇನ್ನೊಂದು ಮುಖದಲ್ಲಿ ಸ್ಕ್ರೂ ಹಾಕಿ ಕೂರಿಸಿದ ಚಿಕ್ಕ ಹಿತ್ತಾಳೆ ಫಲಕ. ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಕುಟುಂಬದಲ್ಲಿ ಇದು ತಾತನಿಂದ ಅಕ್ಕ ಮತ್ತು ತಮ್ಮನಿಗೆ ಬಂದಿತ್ತು. ‘ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್’ ಯುದ್ಧನೌಕೆಯ ಹಲಗೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ತಮ್ಮನದು ಮರಗೆಲಸ, ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕೆತ್ತುವ ಯಂತ್ರ) ಮರದ ಪೆನ್ನು ಮಾಡುತ್ತಾರೆ. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುತ್ತದಲ್ಲ, ಅದಕ್ಕೆ ಮುಂಚೆ ಈ ಹಲಗೆ ಕೊಯ್ದು ಸಂಗ್ರಾಹಕರಿಗಾಗಿ ಪೆನ್ನುಗಳ ಒಂದು ಸೆಟ್ ತರಬೇಕು ಅನ್ನುವುದು ಅವರ ಯೋಚನೆ. ಅಕ್ಕನಿಗೆ ಅದು ಸುತರಾಂ ಇಷ್ಟವಿರಲಿಲ್ಲ.

ದಾಖಲೆ ಮತ್ತು ವಸ್ತು ಎರಡನ್ನೂ ನೋಡಿ ಅಭಿಪ್ರಾಯ ಹೇಳಿ ಎಂದು ಇಬ್ಬರೂ ಸೇರಿ ನನ್ನನ್ನು ಕೇಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬಿಟ್ಟಿದ್ದೇನೆ. ಇಂಥ ಪರಿಸ್ಥಿತಿ ಇವರೊಬ್ಬರದ್ದೇ ಅಲ್ಲ, ಅದಕ್ಕೇ ವಿವರವಾಗಿ ಬರೆಯಬೇಕು ಅನ್ನಿಸಿತು.

ಹಿನ್ನೆಲೆ

1794ರಲ್ಲಿ ಅಮೆರಿಕದ ಕಾಂಗ್ರೆಸ್ ಆರು ಯುದ್ಧನೌಕೆ ಕಟ್ಟಲು ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಒಂದು ಈ ನೌಕೆ. ದೇಶದ ಹೊಸ ಸಂವಿಧಾನದ ಹೆಸರನ್ನೇ ಇಟ್ಟು 1797ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿಸಿದರು. ಒಳಗಿನ ಚೌಕಟ್ಟಿಗೆ ದಕ್ಷಿಣದ ಜಾರ್ಜಿಯಾ ಕಡೆಯ ಲೈವ್ ಓಕ್ ಅನ್ನುವ ಭಾರದ ಓಕ್, ಹೊರ ಮತ್ತು ಒಳ ಹಲಗೆಗಳಿಗೆ ಬಿಳಿ ಓಕ್. ತಾಮ್ರದ ಬೋಲ್ಟು, ಮೊಳೆಗಳಲ್ಲಿ ಸ್ವಾತಂತ್ರ್ಯ ಹೋರಾಟದ ಹೆಸರಾಂತ ಕುಶಲಕರ್ಮಿ ಪಾಲ್ ರಿವಿಯರ್ ಕೊಟ್ಟವೂ ಇದ್ದವು. 1812ರ ಆಗಸ್ಟ್ 19ರಂದು ಬ್ರಿಟಿಷರ ‘ಗೆರಿಯೇರ್’ ನೌಕೆಯ ಜೊತೆ ಕಾದಾಟವಾದಾಗ ಗುಂಡುಗಳು ಇದರ ಮೈಗೆ ತಾಗಿ ಪುಟಿದವು. ‘ಓಲ್ಡ್ ಐರನ್‌ಸೈಡ್ಸ್’ (ಕಬ್ಬಿಣದ ಮೈಯ ಹಳೆಯ ನೌಕೆ) ಅನ್ನುವ ಹೆಸರು ಬಂದದ್ದು ಹಾಗೆ. ಈಗಲೂ ಅದು ನೌಕಾಪಡೆಯ ಸೇವೆಯಲ್ಲಿರುವ ನೌಕೆ, ಬಾಸ್ಟನ್‌ನ ಚಾರ್ಲ್ಸ್‌ಟೌನ್‌ನಲ್ಲಿ ತೇಲುತ್ತಿದೆ.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು 1920ರ ದಶಕದ ಕಥೆ. ಆಗ ನೌಕೆ ಪೂರ್ತಿ ಹಾಳಾಗಿತ್ತು. ದುರಸ್ತಿಗೆ ಹಣ ಕೂಡಿಸಲು 1925ರಲ್ಲಿ ಶಾಲಾ ಮಕ್ಕಳಿಂದ ಪೆನ್ನಿ, ಅಂದರೆ ಒಂದು ಸೆಂಟ್ ನಾಣ್ಯ, ಸಂಗ್ರಹಿಸಿದರು. ಸುಮಾರು 1,48,000 ಡಾಲರ್ ಬಂತು, ಸಾಲಲಿಲ್ಲ. ಆಮೇಲೆ ನೌಕೆಯ ಬಣ್ಣದ ಚಿತ್ರಗಳನ್ನು ಮಾರಿದರು. ನೌಕೆಯಿಂದ ಬಿಚ್ಚಿ ತೆಗೆದ ಮರ ಮತ್ತು ತಾಮ್ರದಿಂದ ಸ್ಮರಣಿಕೆ ಮಾಡಿ ಅವನ್ನೂ ಮಾರಿದರು. 1927ರಿಂದ 1931ರವರೆಗೆ ಚಾರ್ಲ್ಸ್‌ಟೌನ್‌ನಲ್ಲಿ ದುರಸ್ತಿ ನಡೆಯಿತು, ಒಟ್ಟು ಖರ್ಚು 9 ಲಕ್ಷ ಡಾಲರ್ ದಾಟಿತು, ಕೊರತೆಯನ್ನು ಕಾಂಗ್ರೆಸ್ ತುಂಬಿಕೊಟ್ಟಿತು. ಅಂದರೆ ಈ ನೌಕೆಯ ಸ್ಮರಣಿಕೆಗಳು ಕದ್ದು ಕಿತ್ತುಕೊಂಡು ಹೋದವಲ್ಲ. ಜನ ದುಡ್ಡು ಕೊಟ್ಟು ಕೊಂಡರು, ಆ ದುಡ್ಡಿನಿಂದ ನೌಕೆ ಉಳಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಹಳೆಯ ವಸ್ತುವನ್ನು ತುಂಡು ಮಾಡಿ ಮಾರುವುದು ಯಾವಾಗಲೂ ತಪ್ಪು ಅನ್ನುವವರಿಗೆ ಇದು ಒಳ್ಳೆಯ ಉತ್ತರ.

ಸಮಸ್ಯೆ ಎಲ್ಲಿತ್ತು

ಪೆನ್ನಿನ ಡಬ್ಬಿಯ ಮೇಲೆ ಹಾಕಲು ತಮ್ಮ ಆಗಲೇ ಒಂದು ಬರಹ ತಯಾರು ಮಾಡಿಟ್ಟಿದ್ದರು. ಅದರ ಅರ್ಥ ಇಷ್ಟು: ಇದು 1797ರ ಮೂಲ ಮರ, 1812ರಲ್ಲಿ ಬ್ರಿಟಿಷರ ಗುಂಡು ತಡೆದ ಮರ. ಮನೆಯಲ್ಲಿ ತಾತ ಹೇಳುತ್ತಿದ್ದದ್ದೂ ಅದನ್ನೇ, ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ.

ಆದರೆ ಆ ಒಂದು ಮಾತಿನಲ್ಲಿ ಮೂರು ಮಾತು ಸೇರಿಕೊಂಡಿವೆ. ಹಲಗೆ ಆ ನೌಕೆಯದ್ದು ಅನ್ನುವುದು ಒಂದು. ಅದು ನೌಕೆ ಕಟ್ಟಿದಾಗಲೇ ಹಾಕಿದ್ದು ಅನ್ನುವುದು ಇನ್ನೊಂದು. ಕಾದಾಟದ ದಿನ ಅದು ನೌಕೆಯಲ್ಲಿತ್ತು ಅನ್ನುವುದು ಮೂರನೆಯದು. ಮೊದಲನೆಯದು ನಿಜವಾದರೆ ಉಳಿದವು ತಾವಾಗಿಯೇ ನಿಜವಾಗುವುದಿಲ್ಲ. ಏಕೆಂದರೆ 1927ಕ್ಕೆ ಮುಂಚೆಯೇ ಈ ನೌಕೆಗೆ ದೊಡ್ಡ ದುರಸ್ತಿಗಳಾಗಿದ್ದವು. 1833ರಲ್ಲಿ ಚಾರ್ಲ್ಸ್‌ಟೌನ್ ಡ್ರೈ ಡಾಕ್‌ನಲ್ಲಿ (ನೀರು ಖಾಲಿ ಮಾಡಿ ನೌಕೆ ದುರಸ್ತಿ ಮಾಡುವ ಕಟ್ಟೆ) ಒಮ್ಮೆ, 1870ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಒಮ್ಮೆ, 1906–07ರಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಹಳೆಯ ಹಲಗೆ ಹೋಗಿ ಹೊಸದು ಬಂತು. ಇವತ್ತು ನೌಕೆಯಲ್ಲಿ ಮೂಲ ಮರ ಉಳಿದಿರುವುದು ಶೇಕಡಾ 10ರಿಂದ 15 ಎಂದು ಅಂದಾಜು. ಹಾಗಾಗಿ 1927ರಲ್ಲಿ ತೆಗೆದ ಹಲಗೆ 1797ರದ್ದೂ ಆಗಿರಬಹುದು, ಅದಕ್ಕಿಂತ ಎಂಬತ್ತು ವರ್ಷ ಚಿಕ್ಕದೂ ಆಗಿರಬಹುದು.

ಪೆನ್ನು ಮಾಡಿದ ಮೇಲೆ ಇದನ್ನು ಪರೀಕ್ಷಿಸಲು ಆಗುವುದಿಲ್ಲ. ಹಲಗೆ ಇಡಿಯಾಗಿದ್ದಾಗ ಅದರ ಮೇಲೆ ಬೋಲ್ಟಿನ ತೂತು, ಬಣ್ಣದ ಪದರ, ಗರಗಸದ ಗೀರು ಎಲ್ಲ ಇರುತ್ತವೆ, ಲೇತ್‌ನಿಂದ ಬರುವ ಪೆನ್ನಿನಲ್ಲಿ ಇವು ಯಾವುವೂ ಇರುವುದಿಲ್ಲ. ಅಕ್ಕನ ಹೆದರಿಕೆ ಇದೇ ಆಗಿತ್ತು, ಆದರೆ ಅವರು ಅದನ್ನು ‘ತಾತನ ನೆನಪು ಹಾಳಾಗುತ್ತದೆ’ ಅಂತ ಹೇಳುತ್ತಿದ್ದರು, ತಮ್ಮ ಅದನ್ನು ಬರೀ ಭಾವನೆಯ ಮಾತು ಅಂದುಕೊಂಡಿದ್ದರು.

ಏನೇನು ಮಾಡಿದೆವು

ಮೊದಲ ಕೆಲಸ ಫೋಟೊ. ಫಲಕ ಬಿಚ್ಚದೆ, ಒರೆಸದೆ, ಆರೂ ಮುಖಗಳನ್ನು ಅಳತೆ ಪಟ್ಟಿ ಇಟ್ಟು ತೆಗೆದೆವು. ತಮ್ಮನಿಗೆ ಫಲಕದ ಹಿಂದೆ ಏನಿದೆ ನೋಡುವ ಆಸೆ. ಅಕ್ಕ ಬೇಡವೆಂದರು, ನಾನೂ ಬೇಡವೆಂದೆ. ಸ್ಕ್ರೂ ತಲೆಗಳಲ್ಲಿ ಒಂದೇ ಗೀಟಿನ ಸೀಳು ಇತ್ತು, ಸುತ್ತ ಹಳೆಯ ಕೊಳೆ ಒಡೆಯದೆ ಕೂತಿತ್ತು. ಪ್ಲಸ್ ಆಕಾರದ ಸೀಳಿನ ಸ್ಕ್ರೂ 1930ರ ದಶಕದಿಂದ ಈಚೆಯದು, ಹಾಗಾಗಿ ಅಂಥದ್ದು ಇದ್ದಿದ್ದರೆ ಮೊದಲ ದಿನವೇ ಅನುಮಾನ ಹುಟ್ಟುತ್ತಿತ್ತು. ಒಮ್ಮೆ ಬಿಚ್ಚಿದರೆ ಆ ಕೊಳೆಯ ಸಾಕ್ಷಿ ಹೋಗುತ್ತದೆ ಅಲ್ವಾ, ಅದಕ್ಕೇ ಮುಟ್ಟಲಿಲ್ಲ.

ಹಲಗೆಯ ಜೊತೆ ಒಂದು ಪ್ರಮಾಣಪತ್ರ ಇತ್ತು. ದುರಸ್ತಿಯ ಕಾಲದಲ್ಲಿ ನೌಕೆಯಿಂದ ತೆಗೆದ ವಸ್ತು ಎಂದಷ್ಟೇ ಅದರಲ್ಲಿತ್ತು. 1797 ಎಂದಾಗಲಿ, ಕಾದಾಟ ಎಂದಾಗಲಿ ಎಲ್ಲೂ ಇಲ್ಲ. ಅದನ್ನು ತಾತ ಬಾಯಲ್ಲಿ ಸೇರಿಸಿದ್ದರು. ಕಾಗದವನ್ನು ಅತಿನೇರಳೆ ದೀಪದ ಕೆಳಗೆ ಹಿಡಿದೆವು. ಸುಮಾರು 1950ರ ನಂತರದ ಬಿಳಿ ಕಾಗದಗಳಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ನೀಲಿಯಾಗಿ ಬೆಳಗುತ್ತವೆ. ಇದು ಬೆಳಗಲಿಲ್ಲ. ಒಳ್ಳೆಯ ಸೂಚನೆ, ಆದರೆ ಅಷ್ಟೇ. ಪತ್ರದಲ್ಲಿ ಹಲಗೆಯ ಅಳತೆ ಇಲ್ಲ, ನಂಬರ್ ಇಲ್ಲ. ಅಸಲಿ ಪತ್ರದ ಪಕ್ಕದಲ್ಲಿ ಬೇರೆ ಯಾವುದೋ ಮರ ಕೂತಿದ್ದರೂ ಪತ್ರಕ್ಕೆ ಗೊತ್ತಾಗುವುದಿಲ್ಲ.

ಪತ್ರಕ್ಕೂ ಹಲಗೆಗೂ ನಡುವಿನ ಕೊಂಡಿಯನ್ನು ಹುಡುಕಿಕೊಟ್ಟವರು ಅಕ್ಕ. ಮನೆಯ ಹಳೆಯ ಆಲ್ಬಮ್‌ನಲ್ಲಿ 1930ರ ದಶಕದ ಒಂದು ಫೋಟೊ ಸಿಕ್ಕಿತು. ತಾತನ ಹಿಂದೆ ಬೆಂಕಿಗೂಡಿನ ಮೇಲೆ ಇದೇ ಹಲಗೆ. ಓಕ್ ಮರದಲ್ಲಿ ಟ್ಯಾನಿನ್ ಅನ್ನುವ ಒಗರು ಅಂಶ ಜಾಸ್ತಿ, ಕಬ್ಬಿಣ ತಾಗಿದ ಕಡೆ ಕಪ್ಪು ನೀಲಿ ಕಲೆಯಾಗುತ್ತದೆ. ನಮ್ಮ ಹಲಗೆಯಲ್ಲಿ ಒಂದು ತೂತಿನ ಸುತ್ತ ಅಂಥ ಕಲೆ ಒಂದು ಬದಿಗೆ ಹರಡಿಕೊಂಡಿದೆ. ಫೋಟೊದಲ್ಲೂ ಅದೇ ಆಕಾರ, ಅದೇ ಜಾಗ. ಪ್ರಯೋಗಾಲಯದ ಯಾವ ಪರೀಕ್ಷೆಗಿಂತ ಈ ಫೋಟೊ ನನಗೆ ಜಾಸ್ತಿ ಬೆಲೆಯದ್ದು ಅನ್ನಿಸಿತು. ದುರಸ್ತಿ ಮುಗಿದ ಕೆಲವೇ ವರ್ಷಗಳಲ್ಲಿ ಈ ಹಲಗೆ ಈ ಮನೆಯಲ್ಲಿತ್ತು ಅನ್ನುವುದು ಅದರಿಂದ ಖಚಿತವಾಯಿತು.

ಅದೇ ಕಲೆ ಇನ್ನೊಂದು ವಿಷಯವನ್ನೂ ಹೇಳಿತು. ಆ ತೂತಿನಲ್ಲಿ ಇದ್ದದ್ದು ಕಬ್ಬಿಣ, ತಾಮ್ರ ಅಲ್ಲ. ಹಾಗಾಗಿ ‘ಪಾಲ್ ರಿವಿಯರ್ ಬೋಲ್ಟು ಹಾಕಿದ ಹಲಗೆ’ ಅಂತ ಮನೆಯಲ್ಲಿ ಓಡಾಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟೆವು.

ಮರದ ಜಾತಿ

ಒಂದು ತುದಿಯಿಂದ ಬೆರಳ ಉಗುರಿನಷ್ಟು ಚೂರು ತೆಗೆದು ಮರ ಗುರುತಿಸುವ ಪರಿಣತರಿಗೆ ಕಳಿಸಿದೆವು. ಲೈವ್ ಓಕ್ ಎಂದು ಬರಲಿ ಎಂದು ತಮ್ಮನಿಗೆ ಬಹಳ ಆಸೆ ಇತ್ತು. ಅದಕ್ಕೆ ಕಾರಣವೂ ಇದೆ. ಕೀಲ್‌ಗೆ (ನೌಕೆಯ ತಳದ ಉದ್ದ ತೊಲೆ) ಹತ್ತಿರವಿರುವ ಕೆಳಗಿನ ಚೌಕಟ್ಟಿನ ಮರ ಬದಲಾಗಿದ್ದು ಕಡಿಮೆ, ಮೂಲ ಮರ ಎಂದು ಇವತ್ತು ಉಳಿದಿರುವುದೂ ಹೆಚ್ಚಾಗಿ ಅಲ್ಲೇ. ಲೈವ್ ಓಕ್ ತುಂಬ ಭಾರ, ವರ್ಷದ ಉಂಗುರಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಬಿಳಿ ಓಕ್‌ನಲ್ಲಿ ಪ್ರತಿ ಉಂಗುರದ ಶುರುವಿನಲ್ಲಿ ದೊಡ್ಡ ರಂಧ್ರಗಳ ಸಾಲು ಇರುತ್ತದೆ, ಆ ರಂಧ್ರಗಳ ಒಳಗೆ ಪೊರೆ ತುಂಬಿಕೊಂಡಿರುತ್ತದೆ. ಅದಕ್ಕೇ ಅದರೊಳಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಹಡಗಿಗೂ ಪೀಪಾಯಿಗೂ ಅದನ್ನೇ ಬಳಸುತ್ತಿದ್ದದ್ದು.

ಉತ್ತರ ಬಂತು: ಬಿಳಿ ಓಕ್ ಗುಂಪು. ಆ ಗುಂಪಿನೊಳಗೆ ಯಾವ ಜಾತಿ ಎಂದು ಸೂಕ್ಷ್ಮದರ್ಶಕದಲ್ಲಿ ಬೇರ್ಪಡಿಸಲು ಆಗುವುದಿಲ್ಲ.

ಅಂದರೆ ಇದು ಮೂಲ ಚೌಕಟ್ಟಿನದ್ದಲ್ಲ, ಹಲಗೆಯದ್ದೇ ಇರಬೇಕು. ನೌಕೆಯಲ್ಲಿ ಮತ್ತೆ ಮತ್ತೆ ಬದಲಾಗಿದ್ದು ಹಲಗೆಗಳೇ. ಡಬ್ಬಿಯ ಮೇಲಿನ ಬರಹ ಬಿದ್ದುಹೋಗುವ ಹಂತ ಇದು. ತಮ್ಮ ಒಂದೆರಡು ದಿನ ಮಾತೇ ಆಡಲಿಲ್ಲ. ಆಮೇಲೆ ಫೋನ್ ಮಾಡಿ, ‘ಕಾರ್ಬನ್ ಪರೀಕ್ಷೆ ಮಾಡಿಸೋಣ, ವರ್ಷ ಗೊತ್ತಾಗಿಬಿಡುತ್ತದೆ’ ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಂಗ್ರಾಹಕರು ಪದೇ ಪದೇ ಕೇಳುವ ಮಾತಿದು. ಸುಮಾರು 1650ರಿಂದ 1950ರ ನಡುವಿನ ಮರಕ್ಕೆ ಕಾರ್ಬನ್ ಪರೀಕ್ಷೆ ಖಚಿತ ಉತ್ತರ ಕೊಡುವುದಿಲ್ಲ. ಈ ಪರೀಕ್ಷೆ ಅಳೆಯುವುದು ಕಾರ್ಬನ್ 14 ಅನ್ನುವ ಅಂಶವನ್ನು. ಗಾಳಿಯಲ್ಲಿದ್ದ ಅದರ ಪ್ರಮಾಣ ಆ ಕಾಲದಲ್ಲಿ ಏರಿಳಿಯಿತು, ಮುಂದೆ ಕಲ್ಲಿದ್ದಲು ಸುಟ್ಟ ಹೊಗೆ ಸೇರಿ ಇನ್ನಷ್ಟು ಗೊಂದಲವಾಯಿತು. ಒಂದೇ ಅಳತೆ 1700ಕ್ಕೂ ಹೊಂದುತ್ತದೆ, 1800ರ ದಶಕಗಳಿಗೂ ಹೊಂದುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಪರೀಕ್ಷೆ ಹೇಳುವುದು ಆ ಉಂಗುರ ಬೆಳೆದ ಕಾಲವನ್ನು, ಮರ ಕಡಿದ ವರ್ಷವನ್ನಲ್ಲ. 1870ರ ದಶಕದ ದುರಸ್ತಿಗೆ ಕಡಿದ ದೊಡ್ಡ ಓಕ್‌ನ ಒಳಭಾಗ 1797ಕ್ಕಿಂತ ಮುಂಚೆಯೇ ಬೆಳೆದಿರಬಹುದು. ಹಾಗಾಗಿ ‘1750’ ಎಂದು ಉತ್ತರ ಬಂದರೂ ಅದರಿಂದ ಏನೂ ಸಾಬೀತಾಗುವುದಿಲ್ಲ. ಉಂಗುರ ಎಣಿಸಿ ಕಾಲ ಹೇಳುವ ವಿಧಾನ ಇದೆ, ಆದರೆ ಅದಕ್ಕೆ ಸಾಲಾಗಿ ಸಾಕಷ್ಟು ಉಂಗುರ ಬೇಕು. ಈ ಹಲಗೆಯಲ್ಲಿ ಇದ್ದದ್ದು ಅಗಲ ಅಗಲದ ಕೆಲವೇ ಉಂಗುರ. ದುಡ್ಡು ಸುಮ್ನೆ ಹೋಗುತ್ತದೆ ಎಂದು ಹೇಳಿದೆ. ಒಪ್ಪಿದರು.

ಅಂಗಡಿಯವರ ಬೇಡಿಕೆ

ಇಷ್ಟರಲ್ಲಿ ಸ್ಮರಣಿಕೆ ಮಾರುವ ಒಬ್ಬ ವ್ಯಾಪಾರಿ ಮುಂದೆ ಬಂದರು. ಪೆನ್ನುಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆ ಎಂದರು. ಷರತ್ತು ಒಂದೇ, ಡಬ್ಬಿಯ ಮೇಲೆ ‘1776’ ದೊಡ್ಡದಾಗಿ ಇರಬೇಕು. 250ನೇ ವರ್ಷ, ಜನ ಆ ಸಂಖ್ಯೆಯನ್ನೇ ಹುಡುಕುತ್ತಾರೆ ಅನ್ನುವುದು ಅವರ ವಾದ. ನೌಕೆ 1797ರದ್ದು, ಸ್ವಾತಂತ್ರ್ಯ ಯುದ್ಧ ಮುಗಿದು ಹದಿನಾಲ್ಕು ವರ್ಷ ಆದ ಮೇಲಿನದ್ದು ಎಂದು ತಮ್ಮ ಹೇಳಿದರು. ‘ಅಷ್ಟೆಲ್ಲ ಯಾರು ನೋಡುತ್ತಾರೆ’ ಅನ್ನುವ ಉತ್ತರ ಬಂತು.

ತಮ್ಮ ಇಲ್ಲಿ ನಿಜಕ್ಕೂ ತೂಗಿನೋಡಿದರು. ದೊಡ್ಡ ಆರ್ಡರ್ ಅದು. ಆಗ ನಾವು ಹಳೆಯ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಮಾತಾಡಿದೆವು. ಅನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿದ್ದ, ಸ್ವಾತಂತ್ರ್ಯ ಹೋರಾಟಕ್ಕೆ ನಂಟಿದ್ದ ಹಳೆಯ ಮರ ‘ಲಿಬರ್ಟಿ ಟ್ರೀ’ 1999ರಲ್ಲಿ ಫ್ಲಾಯ್ಡ್ ಚಂಡಮಾರುತದ ಹೊಡೆತಕ್ಕೆ ಸಿಕ್ಕಿತು, ಅದೇ ವರ್ಷ ಎಲ್ಲರ ಎದುರಿಗೇ ಅದನ್ನು ಕಡಿದರು. ಆ ಮರದಿಂದ ಟೇಲರ್ ಕಂಪನಿ 400 ಗಿಟಾರ್ ಮಾಡಿತು. ಮರ ಯಾವುದು, ಯಾವಾಗ ಬಿತ್ತು ಎನ್ನುವುದಕ್ಕೆ ಒಂದು ಊರೇ ಸಾಕ್ಷಿ. ಶ್ವೇತಭವನದ ಒಳಭಾಗವನ್ನು 1949ರಿಂದ 1952ರವರೆಗೆ ಬಿಚ್ಚಿ ಮತ್ತೆ ಕಟ್ಟಿದಾಗಲೂ ಹಳೆಯ ಮರ, ಕಲ್ಲು, ಮೊಳೆಗಳನ್ನು ಸ್ಮರಣಿಕೆಯಾಗಿ ಕೊಟ್ಟರು. ಅವುಗಳ ಫಲಕದಲ್ಲಿ ಇರುವುದು ತೆಗೆದ ವರ್ಷ, ಹಾಕಿದ ವರ್ಷವಲ್ಲ. ಗೊತ್ತಿದ್ದದ್ದು ಅದು, ಬರೆದದ್ದೂ ಅದನ್ನೇ.

ಇನ್ನೊಂದು ಕಡೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ‘ವಾಷಿಂಗ್ಟನ್ ಎಲ್ಮ್’ ಅನ್ನುವ ಮರದ ಉದಾಹರಣೆ ಇದೆ. 1775ರ ಜುಲೈ 3ರಂದು ಜಾರ್ಜ್ ವಾಷಿಂಗ್ಟನ್ ಅದರ ಕೆಳಗೆ ನಿಂತು ಸೇನೆಯ ಅಧಿಕಾರ ವಹಿಸಿಕೊಂಡರು ಅನ್ನುವುದು ಕಥೆ. 1923ರಲ್ಲಿ ಮರ ಬಿತ್ತು, ತುಂಡುಗಳು ದೇಶದ ಎಲ್ಲ ರಾಜ್ಯಗಳಿಗೂ ಹೋದವು. ಆ ತುಂಡುಗಳು ಅಸಲಿ. ಆದರೆ ಮರದ ಕೆಳಗೆ ಹಾಗೊಂದು ಸಮಾರಂಭ ನಡೆಯಿತು ಎನ್ನುವುದಕ್ಕೆ ಆ ಕಾಲದ ದಾಖಲೆ ಇಲ್ಲ. ಒಂದು ತುಂಡು ಮರ ನೂರಕ್ಕೆ ನೂರು ನಿಜವಾಗಿದ್ದೂ ಅದರ ಜೊತೆಗಿನ ಕಥೆ ನಿಲ್ಲದೆ ಹೋಗಬಹುದು. ತಮ್ಮನ ಮನಸ್ಸು ತಿರುಗಿದ್ದು ಈ ಉದಾಹರಣೆಯಿಂದ. ‘ತಾತ ಕೊಂಡದ್ದು ನಿಜವಾದ ಹಲಗೆ, ನಾನು ಬರೆದರೆ ಅದು ಸುಳ್ಳಾಗುತ್ತದೆ’ ಎಂದರು. ವ್ಯಾಪಾರಿಗೆ ಇಲ್ಲ ಎಂದು ಹೇಳಿದರು, ಆರ್ಡರ್ ಹೋಯಿತು.

ಕೊಯ್ದದ್ದು ಹೇಗೆ

ಅಕ್ಕನ ಜೊತೆ ಒಪ್ಪಂದ ಆದದ್ದು ಹೀಗೆ: ಫಲಕ, ಕಲೆ, ತೂತು, ಬಣ್ಣ ಇರುವ ಅರ್ಧವನ್ನು ಮುಟ್ಟುವುದಿಲ್ಲ. ಇನ್ನರ್ಧ ಪೆನ್ನಿಗೆ. ಯಾವ ಅರ್ಧ ಉಳಿಯಬೇಕು ಅನ್ನುವುದನ್ನು ಅಂದದಿಂದ ಅಲ್ಲ, ಸಾಕ್ಷಿ ಎಲ್ಲಿ ಜಾಸ್ತಿ ಇದೆ ಎನ್ನುವುದರಿಂದ ನಿರ್ಧರಿಸಿದೆವು.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕಿತ್ತು. ಹಳೆಯ ಹಡಗಿನ ಬಣ್ಣದಲ್ಲಿ ಸೀಸ ಇರುವುದು ಮಾಮೂಲು. ಒರೆಸಿ ನೋಡುವ ಪರೀಕ್ಷಾ ಕಡ್ಡಿಯಿಂದ ನೋಡಿದಾಗ ಸೀಸ ಇದೆ ಎಂದೇ ಬಂತು. ಅದನ್ನು ಲೇತ್‌ಗೆ ಹಾಕಿದ್ದರೆ ಸೀಸದ ಧೂಳು ಇಡೀ ಕೆಲಸದ ಕೋಣೆ ತುಂಬುತ್ತಿತ್ತು, ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಮರಗೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಹಳೆಯ ಬಣ್ಣ ಇರುವ ಮರವನ್ನು ಪರೀಕ್ಷಿಸದೆ ಉಜ್ಜಬೇಡಿ, ಕೊಯ್ಯಬೇಡಿ. ಪೆನ್ನಿಗೆ ಹೋಗುವ ಅರ್ಧದಲ್ಲೂ ಬಣ್ಣದ ಮುಖದ ಒಂದು ತೆಳು ಪದರವನ್ನು ಕೈಗರಗಸದಲ್ಲಿ, ಒದ್ದೆ ಮಾಡಿಕೊಂಡು, ಮುಖವಾಡ ಹಾಕಿಕೊಂಡು ಬೇರೆ ತೆಗೆದರು. ಆ ಪದರವನ್ನು ಎಸೆಯಲಿಲ್ಲ. ಯಾವ ಬಣ್ಣದ ಮೇಲೆ ಯಾವ ಬಣ್ಣ ಬಂದಿದೆ ಎನ್ನುವುದು ಮುಂದೆ ಯಾರಿಗಾದರೂ ಸುಳಿವು ಕೊಡಬಹುದು.

ಮರ ಒಣಗಿ ಬಿರುಕು ಬಿಟ್ಟಿತ್ತು. ಪೆನ್ನು ಮಾಡುವವರು ಇಂಥ ಮರಕ್ಕೆ ನಿರ್ವಾತದಲ್ಲಿ ರಾಳ ತುಂಬಿಸಿ ಗಟ್ಟಿ ಮಾಡುತ್ತಾರೆ. ರಾಳ ಒಳಗೆ ಹೋದ ಮೇಲೆ ಆ ಮರದ ಮೇಲೆ ಮುಂದೆ ರಾಸಾಯನಿಕ ಪರೀಕ್ಷೆ ಮಾಡಿದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ. ಅದಕ್ಕಾಗಿ ರಾಳ ತಾಗದ ಒಂದು ಅಡ್ಡ ಕೊಯ್ತದ ಬಿಲ್ಲೆಯನ್ನು ಮೊದಲೇ ತೆಗೆದು ಪೊಟ್ಟಣದಲ್ಲಿಟ್ಟೆವು.

ಪ್ರತಿ ತುಂಡಿಗೂ ನಂಬರ್ ಕೊಟ್ಟು, ಹಲಗೆಯ ನಕ್ಷೆಯಲ್ಲಿ ಅದು ಎಲ್ಲಿಂದ ಬಂತು ಎಂದು ಗುರುತು ಮಾಡಿದರು. ಈ ಪುಸ್ತಕ ತಮ್ಮನೇ ಬರೆದದ್ದು, ನಾನು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿದೆ. ಹಾಳಾದ ತುಂಡುಗಳನ್ನೂ ಬರೆದಿದ್ದಾರೆ. ಒಟ್ಟು ಎಷ್ಟು ಪೆನ್ನು ಬರಬಹುದು ಎಂದು ಹಲಗೆಯ ಅಳತೆಯೇ ಹೇಳುವುದರಿಂದ, ಮುಂದೆ ಯಾರೋ ನಕಲಿ ಪೆನ್ನು ತಂದರೆ ಪುಸ್ತಕ ತೆಗೆದು ನೋಡಬಹುದು.

ಡಬ್ಬಿಯೊಳಗಿನ ಚೀಟಿಗೆ ತುಂಬ ಚರ್ಚೆ ನಡೆಯಿತು. ಕೊನೆಗೆ ಉಳಿದ ಮಾತು ಇಷ್ಟು: ‘ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ನೌಕೆಯ 1927–31ರ ದುರಸ್ತಿಯಲ್ಲಿ ತೆಗೆದದ್ದೆಂದು ಕುಟುಂಬದ ದಾಖಲೆಗಳು ಹೇಳುವ ಹಲಗೆಯಿಂದ ಮಾಡಿದ್ದು. ಮರ: ಬಿಳಿ ಓಕ್ ಗುಂಪು. ಈ ಹಲಗೆಯನ್ನು ನೌಕೆಗೆ ಹಾಕಿದ ವರ್ಷ ತಿಳಿದಿಲ್ಲ.’ ಕೊನೆಯ ವಾಕ್ಯ ಬೇಡ, ಅದು ಮಾರಾಟ ಕೆಡಿಸುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಅದೇ ಇರಲಿ ಎಂದು ಅಕ್ಕ ಪಟ್ಟು ಹಿಡಿದರು.

ಆದದ್ದು

ಪೆನ್ನುಗಳು ನಿಧಾನವಾಗಿ ಮಾರಾಟವಾದವು, ವ್ಯಾಪಾರಿ ಕೊಡುತ್ತಿದ್ದ ಬೆಲೆಗಿಂತ ಕಡಿಮೆಗೆ. ಒಬ್ಬರು ಕಾದಾಟದ ಮರವಲ್ಲ ಎಂದು ತಿಳಿದು ಹಿಂದಿರುಗಿಸಿದರು, ದುಡ್ಡು ವಾಪಸು ಕೊಟ್ಟರು. ಆದರೆ ಹಳೆಯ ಸಂಗ್ರಾಹಕರು ಕೆಲವರು ಆ ಚೀಟಿಯನ್ನು ಓದಿಯೇ ಕೊಂಡರು. ‘1797’ ಎಂದು ಬರೆದ ತುಂಡುಗಳು ಅವರ ಬಳಿ ಆಗಲೇ ಇದ್ದವು, ಅವಕ್ಕೆ ಆಧಾರ ಏನು ಎಂದು ಕೇಳಿದರೆ ಮಾರಿದವರಲ್ಲಿ ಉತ್ತರ ಇರಲಿಲ್ಲ. ಅವರಲ್ಲೊಬ್ಬರು ತಮ್ಮ ಬಳಿಯ ತುಂಡನ್ನೂ ಹೀಗೇ ಪರಿಶೀಲಿಸಲು ಶುರು ಮಾಡಿದ್ದಾರೆ.

ನನ್ನ ಲೆಕ್ಕದಲ್ಲಿ ಇಲ್ಲಿ ದಾರಿ ತಿರುಗಿದ್ದು ಮೂರು ಕಡೆ: ಸ್ಕ್ರೂ ಬಿಚ್ಚದೇ ಇದ್ದದ್ದು, ಆಲ್ಬಮ್ ತೆಗೆದು ನೋಡಿದ್ದು, 1776 ಬೇಡ ಎಂದದ್ದು. ಇವುಗಳಲ್ಲಿ ಯಾವುದಕ್ಕೂ ಪ್ರಯೋಗಾಲಯ ಬೇಕಿರಲಿಲ್ಲ. ಮರದ ಜಾತಿ ತಿಳಿದದ್ದು ಉಪಯೋಗವಾಯಿತು, ನಿಜ, ಆದರೆ ಅದು ಹೇಳಿದ್ದು ಏನನ್ನು ಬರೆಯಬಾರದು ಎಂದು. ಏನನ್ನು ಬರೆಯಬಹುದು ಎಂದು ಹೇಳಿದ್ದು ಒಂದು ಪತ್ರ ಮತ್ತು ಒಂದು ಮನೆ ಫೋಟೊ. ಹಾಗಾಗಿ ಇಂಥ ತುಂಡು ಇಟ್ಟುಕೊಂಡವರು ಯಾರಾದರೂ ಕೇಳಿದರೆ ನಾನು ಮೊದಲು ಮರ ತೋರಿಸಿ ಅನ್ನುವುದಿಲ್ಲ. ಅದು ಬಂದ ಲಕೋಟೆ, ಕೊಂಡ ರಸೀದಿ, ಅದು ಮೂಲೆಯಲ್ಲಾದರೂ ಕಾಣುವ ಹಳೆಯ ಫೋಟೊ ಹುಡುಕಿ ಅನ್ನುತ್ತೇನೆ. ಮನೆಯ ಹಿರಿಯರು ಇದ್ದರೆ ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ, ಆದರೆ ಅದನ್ನು ‘ಮನೆಯ ಮಾತು’ ಎಂದೇ ಬರೆಯಿರಿ.

ಉಳಿದ ಅರ್ಧ ಹಲಗೆಯನ್ನು ಸಂಗ್ರಹಾಲಯಕ್ಕೆ ಕೊಡಬೇಕು ಅನ್ನುವುದು ಅಕ್ಕನ ಆಸೆ. ಈ ನೌಕೆಯ ಸ್ಮರಣಿಕೆಗಳು ಬಹಳ ಮನೆಗಳಲ್ಲಿ ಇವೆ, ಹಾಗಾಗಿ ತೆಗೆದುಕೊಳ್ಳುತ್ತಾರೆ ಎನ್ನುವ ಭರವಸೆ ಇಲ್ಲ. ಕೊಡುವುದಾದರೆ ಪ್ರಮಾಣಪತ್ರ, ಫೋಟೊದ ಪ್ರತಿ, ಮರದ ವರದಿ, ಬಣ್ಣದ ಪದರ, ನಂಬರ್ ಪುಸ್ತಕದ ಪ್ರತಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುವುದು ಎಂದು ಇಬ್ಬರೂ ಒಪ್ಪಿದ್ದಾರೆ. ಬೇಡವೆಂದರೆ ಆ ಪೆಟ್ಟಿಗೆ ತಮ್ಮನ ಮಕ್ಕಳಿಗೆ.